ಹುಲಿ ಕೊಟ್ಟ ಬಳೆ

ಉತ್ತರಪತ್ರಿಕೆಗಳ ಕಟ್ಟು ಮನೆಗೆ ಬಂತೆಂದರೆ ನನಗೆ ಎಲ್ಲಿಲ್ಲದ ಕೆಲಸಗಳು ನೆನಪಾಗುತ್ತವೆ. ಉಪ್ಪಿನಕಾಯಿ ಭರಣಿ ಒರೆಸಬೇಕು, ಜೋಳ ಹಸನು ಮಾಡಬೇಕು, ಮುಂಡರಗಿಯ ಅಕ್ಕನಿಗೆ ಫೋನು ಮಾಡಬೇಕು. ಅವೆಲ್ಲ ಮುಗಿದರೆ ‘ಮಾಲ್ಗುಡಿ ಡೇಸ್’ ಇದ್ದೇ ಇದೆಯಲ್ಲ! ಒಂದೇ ಕಂತು ನೋಡಿ ಏಳುತ್ತೇನೆ ಎಂದು ಮೊಬೈಲು ಹಿಡಿದು ಕೂಡುತ್ತೇನೆ. ನಾಲ್ಕಾಗುತ್ತವೆ. “ಪೇಪರ್ ತಮ್ಮನ್ನ ತಾವ ತಿದ್ಕೋತಾವೇನು?” ಎಂದು ನಮ್ಮವರು ಕೆಣಕುತ್ತಾರೆ.

ಇದು ಹಳೆಯ ಚಟ. 1987ರ ಸುಮಾರಿಗೆ ನಾನು ಎಸ್ಸೆಸ್ಸೆಲ್ಸಿಯಲ್ಲಿದ್ದೆ. ಬೆಟಗೇರಿಯ ನಮ್ಮ ಓಣಿಯಲ್ಲಿ ಟೀವಿ ಇದ್ದದ್ದು ಒಂದೇ ಮನೆಯಲ್ಲಿ. ಮಗ್ಗ ನಿಲ್ಲಿಸಿ ಬಂದವರು, ಹಿಟ್ಟಿನ ಕೈಯಲ್ಲೇ ಬಂದವರು, ಎಲ್ಲರೂ ಅಲ್ಲಿ. ಹಿಂದಿ ಅರ್ಧ ತಿಳಿಯುತ್ತಿತ್ತು, ಅರ್ಧ ಇಲ್ಲ. ಆದರೆ ಶಂಕರ್‌ನಾಗ್ ಆಗುಂಬೆಯಲ್ಲಿ ಕಟ್ಟಿದ ಆ ಊರು, ಆ ಹಂಚಿನ ಮನೆಗಳು! ಮೋಡ ಕಂಡರೆ ಕಪ್ಪತಗುಡ್ಡದ ಕಡೆ ಕೈ ಮುಗಿಯುವ ನಮಗೆ ಆ ಹಸಿರೇ ಒಂದು ಕತೆ. ಮರುದಿನ ಓಣಿಯಲ್ಲಿ ಅದೇ ಆಟ. ಒಬ್ಬ ಸ್ವಾಮಿ, ಒಬ್ಬ ರಾಜಂ, ಬಡಿಗೆ ಹಿಡಿದವನು ಮಣಿ. ಹುಡುಗಿಯಾದ ನನಗೆ ಸಿಕ್ಕದ್ದು ಅಜ್ಜಿಯ ಪಾತ್ರ. ಪರೀಕ್ಷೆಯ ಓದು ಬಿಟ್ಟು ಅದನ್ನೂ ಮನಸಾರೆ ಮಾಡಿದೆ.

ಬಿ.ಎ. ಓದುವಾಗ ಆರ್.ಕೆ. ನಾರಾಯಣರ ಕಾದಂಬರಿಯನ್ನೇ ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಓದಿದೆ. 1935ರಲ್ಲಿ ಬಂದ ‘ಸ್ವಾಮಿ ಅಂಡ್ ಫ್ರೆಂಡ್ಸ್’. ಅದರಲ್ಲಿ ಒಂದು ಪರೀಕ್ಷೆ ಬರುತ್ತದೆ. ಬ್ರಾಹ್ಮಣ ಮತ್ತು ಹುಲಿಯ ಕತೆಯ ನೀತಿ ಬರೆಯಬೇಕು. ಹುಲಿ ಬಂಗಾರದ ಬಳೆ ಕೊಟ್ಟರೆ ತೆಗೆದುಕೊಳ್ಳಬಾರದು ಎಂದು ಚುಟುಕಾಗಿ ಬರೆದು ಸ್ವಾಮಿ ಎಲ್ಲರಿಗಿಂತ ಮೊದಲೇ ಹೊರಗೆ! ನಕ್ಕಿದ್ದೆ. ಮುಂದೆ ನಾನೇ ಮಾಸ್ತರಳಾಗಿ ಅಂಥ ಉತ್ತರಗಳಿಗೆ ಅರ್ಧ ಅಂಕ ಕೊಡುತ್ತ ಬಂದೆ.

ಹೋದ ವರ್ಷ ಶಿರಹಟ್ಟಿ ಕಡೆಯ ಒಬ್ಬ ವಿದ್ಯಾರ್ಥಿ ದಿನಾ ಕೇಳುತ್ತಿದ್ದ, “ಟೀಚರ್, ಸಮಾಜದ ಪೇಪರ್ ಯಾವಾಗ ಕೊಡ್ತೀರಿ?” “ನಾಳೆ ಕೊಡ್ತೀನೋ” ಎನ್ನುತ್ತಿದ್ದೆ. ನಾಳೆ ಐದು ಸಲ ಬಂತು. ಆ ಹೊತ್ತಿಗೆ ನಾನು ಸ್ವಾಮಿ ಹೆಡ್‌ಮಾಸ್ತರರ ಬೆತ್ತ ಕಿಟಕಿಯಾಚೆ ಎಸೆದು ಓಡುವುದನ್ನು ಇನ್ನೊಮ್ಮೆ ನೋಡುತ್ತಿದ್ದೆ. ಅವನು ಕಾಡಿನಲ್ಲಿ ದಾರಿ ತಪ್ಪಿ, ತನ್ನದೇ ಟೀಮಿನ ಕ್ರಿಕೆಟ್ ಪಂದ್ಯ ತಪ್ಪಿಸಿಕೊಳ್ಳುವುದಕ್ಕೆ ಕಣ್ಣೀರನ್ನೂ ಹಾಕಿದೆ.

ಸೋಮವಾರ ಪೇಪರ್ ಹಂಚಿದೆ. ಅಶೋಕ ಯುದ್ಧ ಬಿಟ್ಟದ್ದೇಕೆ ಎಂಬುದಕ್ಕೆ ಈ ಹುಡುಗ ಬರೆದದ್ದು ಇಷ್ಟೇ: ಸತ್ತವರನ್ನು ಕಣ್ಣಾರೆ ನೋಡಿದ್ದರಿಂದ. ಮೂರಕ್ಕೆ ಮೂರು ಕೊಟ್ಟಿದ್ದೆ. ಬೀಗುತ್ತ ಬೆನ್ನು ತಟ್ಟಿದರೆ ಅವನ ಮುಖ ಅರಳಲಿಲ್ಲ.

“ನಿನ್ನೆ ಲಕ್ಷ್ಮೇಶ್ವರದಾಗ ನಮ್ಮ ಮ್ಯಾಚ್ ಇತ್ರಿ ಟೀಚರ್. ಪೇಪರ್ ತೋರಿಸಿದ್ರ ಕಳಸ್ತೀನಿ ಅಂದಿದ್ದ ನಮ್ಮಪ್ಪ.”

ನನಗೆ ಮಾತು ಹೊರಡಲಿಲ್ಲ. ಗೆದ್ದರೇನೋ ಎಂದು ಕೇಳಿದೆ, ಕೇಳಬಾರದಿತ್ತು.

“ಗೆದ್ದಾರಂತ್ರಿ” ಎಂದ.

ಸ್ವಾಮಿಯಿಲ್ಲದೆ ಅವನ ಗೆಳೆಯರು ಸೋತರು. ಇವನಿಲ್ಲದೆ ಇವನವರು ಗೆದ್ದರು. ಯಾವುದು ಹೆಚ್ಚು ನೋವೋ, ಅವನ ಮುಖ ನೋಡಿದ್ದರೆ ನಿಮಗೂ ಗೊತ್ತಾಗುತ್ತಿತ್ತು. “ತಪ್ಪು ನಂದಪ್ಪ” ಎಂದೆ. ತರಗತಿ ಗಪ್ಪಾಯಿತು. ಟೀಚರ್ ಹಾಗೆನ್ನುವುದನ್ನು ಅವರು ಕೇಳಿರಲಿಲ್ಲ. ಅವರಪ್ಪನಿಗೂ ಒಂದು ಚೀಟಿ ಬರೆದು ಕಳಿಸಿದೆ.

ಈ ಸಲದ ಕಟ್ಟನ್ನು ಬಂದ ರಾತ್ರಿಯೇ ಬಿಚ್ಚಿ ಕುಳಿತೆ. ನಮ್ಮವರು ಬಂದು ಹಣೆ ಮುಟ್ಟಿ ನೋಡಿದರು, ಜ್ವರ ಬಂದಿದೆಯೋ ಏನೋ ಎಂದು.