ಬತ್ತಿಯ ನೀರು

ಕಬ್ಬು ಬೆಳೆಯುವ ಸೀಮೆಯವರಿಗೆ ಕಡ್ಡಿ ಊರಿ ಗಿಡ ಮಾಡುವ ವಿದ್ಯೆಯನ್ನು ಹೊಸದಾಗಿ ಹೇಳಬೇಕಾಗಿಲ್ಲ. ಕೊಲ್ಹಾಪುರ ಜಿಲ್ಲೆಯ ಹೊಲಗಳಲ್ಲಿ ನಿಂತಿರುವ ಕಬ್ಬು ತುಂಡಿನಿಂದ ಬಂದದ್ದು. ರೈತರು ಅದನ್ನು ‘ಬೀಜ’ ಎಂದು ಕರೆದರೂ ಅದು ಬೀಜವಲ್ಲ; ಒಂದೋ ಎರಡೋ ಮೂರೋ ಕಣ್ಣುಗಳುಳ್ಳ ಕಾಂಡದ ಚೂರು. ಮರಾಠಿಯವರು ಈ ಕಣ್ಣನ್ನು ‘ಡೋಳಾ’ ಎನ್ನುತ್ತಾರೆ. ಗಂಟಿನೊಳಗೆ ಮಲಗಿರುವ ಮೊಳಕೆಯನ್ನು ಕಣ್ಣೆಂದು ಕಾಣುವುದರಲ್ಲಿ ಎರಡೂ ಭಾಷೆಗಳು ಒಂದಾಗಿವೆ. ಈ ಭಾಗದಲ್ಲಿ ಬಹಳವಾಗಿ ಬೆಳೆಯುವ ‘ಕೊ ೮೬೦೩೨’ ತಳಿಯ ಹೆಸರಿನಲ್ಲಿರುವ ‘ಕೊ’ ಕೊಯಮತ್ತೂರಿನದು. ಅಲ್ಲಿಯ ಕಬ್ಬು ತಳಿ ಸಂಶೋಧನಾ ಸಂಸ್ಥೆಯಲ್ಲಿ ಹುಟ್ಟಿದ ಒಂದು ಸಸಿಯೇ ತುಂಡು ತುಂಡಾಗಿ ನಮ್ಮ ಪಂಚಗಂಗೆ, ಹಿರಣ್ಯಕೇಶಿಗಳ ದಂಡೆಯವರೆಗೆ ನಡೆದು ಬಂದಿದೆ. ಎಷ್ಟು ಹೊಲಗಳಲ್ಲಿ ನಿಂತರೂ ಅದು ಒಂದೇ ದೇಹ.

ದುಂಡುಮಲ್ಲಿಗೆಯದೂ ಇದೇ ಬಗೆ. ಸುತ್ತು ದಳದ ಮಲ್ಲಿಗೆ ಬೀಜ ಕಟ್ಟುವುದು ಅಪರೂಪ. ಆದುದರಿಂದ ಒಂದು ಮನೆಯಲ್ಲಿ ಮಲ್ಲಿಗೆಯಿದೆ ಎಂದರೆ ಹಿಂದೊಮ್ಮೆ ಯಾರೋ ಯಾರಿಗೋ ಒಂದು ಕಡ್ಡಿಯನ್ನು ಮುರಿದು ಕೊಟ್ಟಿದ್ದಾರೆ ಎಂದೇ ಅರ್ಥ. ಗಡಹಿಂಗ್ಲಜದ ನಮ್ಮ ಆಯಿಯ ಹಿತ್ತಲಿನಲ್ಲಿದ್ದ ಮಲ್ಲಿಗೆ ಆಕೆ ಮದುವೆಯಾಗಿ ಬಂದಾಗ ತವರಿನಿಂದ ತಂದದ್ದು. (ನಮ್ಮ ಕಡೆಯ ಕನ್ನಡದಲ್ಲಿ ಆಯಿ ಎಂದರೆ ಅಜ್ಜಿ, ಮರಾಠಿಯಲ್ಲಿ ತಾಯಿ. ಬಾಲ್ಯದಲ್ಲಿ ನಾನು ಹಿತ್ತಲಲ್ಲಿ ನಿಂತು ‘ಆಯಿ’ ಎಂದು ಕೂಗಿದರೆ ನೆರೆಯವರು ನನ್ನ ತಾಯಿಗೆ ಇಷ್ಟು ವಯಸ್ಸೇ ಎಂದು ಬೆರಗಾಗುತ್ತಿದ್ದರು.) ಆಯಿ ಕಡ್ಡಿ ನೆಡುವಾಗ ಹೇಳುತ್ತಿದ್ದ ಮಾತು ಒಂದೇ: “ನೀರ ಕುಡಸಬ್ಯಾಡ, ನೀರ ತೋರಸು.” ಆ ಮಾತಿನ ಅರ್ಥವನ್ನು ನಾನು ತಿಳಿದುಕೊಳ್ಳುವ ವೇಳೆಗೆ ಆಯಿ ಇರಲಿಲ್ಲ; ಕಳೆದ ಆಷಾಢದಲ್ಲಿ ಆ ಮನೆಯೂ ಮಾರಾಟವಾಯಿತು.

ಕೊಂಡವರು ಒಳ್ಳೆಯ ಜನ. ಹಿತ್ತಲಿನಲ್ಲಿ ವಾಹನ ನಿಲ್ಲಿಸಲು ಜಾಗ ಮಾಡುವುದಾಗಿ ಮೊದಲೇ ಹೇಳಿದ್ದರು. ಕೀಲಿಕೈ ಒಪ್ಪಿಸುವ ದಿನ ನಾನು ಎಂಟು ಕಡ್ಡಿಗಳನ್ನು ಕತ್ತರಿಸಿಕೊಂಡೆ. ತೀರ ಎಳೆಯದೂ ಅಲ್ಲದ, ತೀರ ಬಲಿತದ್ದೂ ಅಲ್ಲದ, ಪೆನ್ಸಿಲಿಗಿಂತ ತೆಳುವಾದ ಟೊಂಗೆಗಳು. ಒಂದೊಂದೂ ಗೇಣಿಗಿಂತ ಚಿಕ್ಕವು. ಅವನ್ನು ಒದ್ದೆ ಪಂಚೆಯ ಚೂರಿನಲ್ಲಿ ಸುತ್ತಿ ಬಸ್ಸು ಹತ್ತಿದೆ. ಸಂಕೇಶ್ವರದ ದಾರಿಯಲ್ಲಿ ಕರ್ನಾಟಕವನ್ನು ಹೊಕ್ಕು, ನಿಪ್ಪಾಣಿಯನ್ನು ಹಾದು, ಕಾಗಲಿನ ಬಳಿ ಮರಳಿ ಮಹಾರಾಷ್ಟ್ರಕ್ಕೆ ಬಂದ ಆ ಕಡ್ಡಿಗಳು ಒಂದೇ ಮಧ್ಯಾಹ್ನದಲ್ಲಿ ಎರಡು ಬಾರಿ ಗಡಿ ದಾಟಿದವು.

ನಾವಿರುವುದು ಇಚಲಕರಂಜಿಯಲ್ಲಿ, ಮೂರನೆಯ ಮಹಡಿಯಲ್ಲಿ. ನಳಕ್ಕೆ ನೀರು ಬರುವ ದಿನವನ್ನು ಲೆಕ್ಕ ಹಾಕಿ ಬದುಕುವ ಊರು ಇದು. ಇಂಥಲ್ಲಿ ದಿನಕ್ಕೆ ಎರಡು ಸಲ ನೀರು ಚಿಮುಕಿಸಿ ಕಡ್ಡಿಯನ್ನು ಬದುಕಿಸುವೆನೆಂಬುದು ದೊಡ್ಡ ಮಾತಾಗುತ್ತದೆ. ಕಡ್ಡಿಯ ಕಷ್ಟ ವಿಚಿತ್ರವಾದದ್ದು. ಬೇರಿಲ್ಲದ್ದರಿಂದ ಅದು ನೀರನ್ನು ಹೆಚ್ಚು ಹೀರಲಾರದು. ಎಲೆಗಳಿರುವುದರಿಂದ ಬೆವರುವುದನ್ನು ನಿಲ್ಲಿಸಲಾರದು. ಮಣ್ಣು ಒಂದು ದಿನ ಒಣಗಿದರೆ ಬಾಡುತ್ತದೆ. ಬಾಡಿತೆಂದು ತುಂಬ ನೀರು ಹೊಯ್ದರೆ ಬುಡಕ್ಕೆ ಗಾಳಿಯಿಲ್ಲದೆ ಕೊಳೆಯುತ್ತದೆ. ಅದಕ್ಕೆ ಬೇಕಾದದ್ದು ಬಹಳ ನೀರಲ್ಲ, ತಪ್ಪದೆ ಬರುವ ಸ್ವಲ್ಪ ನೀರು. ಆಯಿ ‘ತೋರಿಸು’ ಎಂದದ್ದು ಇದನ್ನೇ.

ಈ ಕೆಲಸಕ್ಕೆ ದೀಪದ ಬತ್ತಿಗಿಂತ ಯೋಗ್ಯವಾದ ಆಳು ಇನ್ನೊಂದಿಲ್ಲ. ಹಣತೆಯಲ್ಲಿ ಎಣ್ಣೆ ಏರುವಂತೆಯೇ ನೂಲಿನ ಎಳೆಗಳ ನಡುವಿನ ಸೂಕ್ಷ್ಮ ಸಂದುಗಳಲ್ಲಿ ನೀರು ತಾನಾಗಿ ಮೇಲೇರುತ್ತದೆ. ಭೌತಶಾಸ್ತ್ರದ ಪುಸ್ತಕಗಳು ಇದನ್ನು ಲೋಮನಾಳ ಕ್ರಿಯೆ ಎನ್ನುತ್ತವೆ. ಮೇಲಿನ ಮಣ್ಣು ಒಣಗಿದಷ್ಟೂ ಬತ್ತಿ ಎಳೆದುಕೊಡುತ್ತದೆ, ಮಣ್ಣು ತಣಿದಿದ್ದರೆ ನಿಧಾನಿಸುತ್ತದೆ. ಒಂದು ಲೀಟರಿನ ಖಾಲಿ ನೀರಿನ ಬಾಟಲಿಯನ್ನು ನಡುವಿಗಿಂತ ಸ್ವಲ್ಪ ಮೇಲೆ ಕತ್ತರಿಸಬೇಕು. ಮುಚ್ಚಳದಲ್ಲಿ ಕಾಯಿಸಿದ ಮೊಳೆಯಿಂದ ತೂತು ಮಾಡಿ ಬತ್ತಿಯನ್ನು ತೂರಿಸಬೇಕು. ಮೇಲ್ಭಾಗವನ್ನು ತಲೆಕೆಳಗು ಮಾಡಿ ಕೆಳಭಾಗದೊಳಗೆ ಕೂರಿಸಿದರೆ ಮೇಲೆ ಕುಂಡ, ಕೆಳಗೆ ಕೊಳ. ಬತ್ತಿಯ ಒಂದು ತುದಿ ಕೊಳದ ತಳವನ್ನು ಮುಟ್ಟಬೇಕು. ಇನ್ನೊಂದು ತುದಿ ಕುಂಡದ ಅರ್ಧದವರೆಗೆ ಏರಿರಬೇಕು. ಇವೆರಡರ ನಡುವೆ ನಾಲ್ಕು ಬೆರಳಿಗಿಂತ ಹೆಚ್ಚು ಅಂತರವಿರದಿದ್ದರೆ ಒಳ್ಳೆಯದು, ಏಕೆಂದರೆ ಎತ್ತರ ಹೆಚ್ಚಿದಷ್ಟೂ ಏರುವ ನೀರು ಕಡಿಮೆ.

ಬತ್ತಿಯ ವಿಷಯದಲ್ಲಿ ನಮ್ಮ ಊರಿಗೊಂದು ಅನುಕೂಲವಿದೆ. ೧೯೦೪ರಲ್ಲಿ ವಿಠ್ಠಲರಾವ್ ದಾತಾರರು ಇಲ್ಲಿ ಮೊದಲ ಯಂತ್ರಮಗ್ಗವನ್ನು ಹಾಕಿದಂದಿನಿಂದ ಇಚಲಕರಂಜಿಗೆ ನೂಲಿನ ಕೊರತೆಯಾಗಿಲ್ಲ. ಮಗ್ಗದ ಶೆಡ್ಡುಗಳ ಮೂಲೆಯಲ್ಲಿ ಕಂಡಿಕೆಯಿಂದ ಉಳಿದ, ಹರಿದ, ಗಂಟಾದ ನೂಲು ರಾಶಿಯಾಗಿ ಬಿದ್ದಿರುತ್ತದೆ. ನನ್ನ ಕಾಕಾ ಮೂವತ್ತು ವರ್ಷ ಮಗ್ಗ ನಡೆಸಿದವರು. ನಾನು ನೂಲು ಕೇಳಲು ಹೋದಾಗ ಅವರು ಒಂದು ಹಿಡಿ ಹಾಸಿನ ನೂಲನ್ನೂ ಒಂದು ಹಿಡಿ ಹೊಕ್ಕಿನ ನೂಲನ್ನೂ ತಂದು ಮುಂದಿಟ್ಟರು. ಒಂದು ಬಟ್ಟಲು ನೀರು ತರಿಸಿ ಎರಡನ್ನೂ ಅದರಲ್ಲಿ ಹಾಕಿದರು. ಎರಡೂ ಎಲೆಯಂತೆ ತೇಲಿದವು.

“ನೋಡಿದಿ? ಹಸಿ ನೂಲು ನೀರ ಕುಡಿಯೂದಿಲ್ಲ. ಹತ್ತಿ ಮೈಯಾಗ ಮೇಣ ಇರತೈತಿ. ಹಾಸಿಗೆ ಮ್ಯಾಲ ಗಂಜಿ ಬ್ಯಾರೆ ಹಾಕಿರತಾರ.”

ಮಗ್ಗದ ಮೇಲೆ ಬಿಗಿಯಾಗಿ ನಿಲ್ಲಬೇಕಾದ ಹಾಸಿನ ಎಳೆಗಳಿಗೆ ಗಂಜಿ ಕಾಣಿಸುವುದು ರೂಢಿ. ನಡುವೆ ಓಡಾಡುವ ಹೊಕ್ಕಿಗೆ ಅದು ಬೇಡ. ಮೇಣವಂತೂ ಎರಡಕ್ಕೂ ಹುಟ್ಟಿನಿಂದ ಬಂದದ್ದು. ಕಾಕಾ ಹೇಳಿದಂತೆ ಹೊಕ್ಕಿನ ನೂಲನ್ನೇ ತೆಗೆದುಕೊಂಡು, ಒಂದು ಚಮಚ ವಾಷಿಂಗ್ ಸೋಡಾ ಹಾಕಿದ ನೀರಿನಲ್ಲಿ ಅರ್ಧ ಗಂಟೆ ಕುದಿಸಿ, ಮೂರು ಸಲ ಜಾಲಿಸಿದೆ. ಈಗ ಒಣಗಿಸಿ ನೀರಿಗೆ ಮುಟ್ಟಿಸಿದರೆ ಕಣ್ಣೆದುರೇ ಒದ್ದೆಯ ಗೆರೆ ಮೇಲಕ್ಕೆ ಓಡುತ್ತದೆ. ನೂಲನ್ನು ರೀಫಿಲ್ಲಿನಷ್ಟು ದಪ್ಪಕ್ಕೆ ಸಡಿಲವಾಗಿ ಹೊಸೆದರೆ ಬತ್ತಿಯಾಯಿತು. ಬಿಗಿಯಾಗಿ ಹೊಸೆದರೆ ಸಂದು ಮುಚ್ಚಿಹೋಗುತ್ತದೆ. ನೈಲಾನ್ ಬತ್ತಿ ಕೊಳೆಯದೆ ಬಹುಕಾಲ ಬಾಳುತ್ತದೆ ಎನ್ನುವವರಿದ್ದಾರೆ, ನಿಜ. ಆದರೆ ಕಡ್ಡಿಗೆ ಬೇರು ಬರಲು ಬೇಕಾದದ್ದು ಐದಾರು ವಾರ. ಅಷ್ಟು ಕಾಲ ಹತ್ತಿ ಧಾರಾಳವಾಗಿ ಬಾಳುತ್ತದೆ.

ಉಳಿದದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ತೊಳೆದ ಮರಳು ಒಂದು ಪಾಲು, ತೆಂಗಿನ ನಾರಿನ ಪುಡಿ ಒಂದು ಪಾಲು, ಗೊಬ್ಬರ ಬೇಡ. ಬತ್ತಿಯನ್ನೂ ಮಣ್ಣನ್ನೂ ಮೊದಲೇ ನೆನೆಸಿರಬೇಕು. ಕಡ್ಡಿಯನ್ನು ಗಂಟಿನ ಕೆಳಗೆ ಓರೆಯಾಗಿ ಕತ್ತರಿಸಿ, ಕೆಳಗಿನ ಎಲೆಗಳನ್ನು ತೆಗೆದು, ತುದಿಯ ಎರಡೆಲೆ ಉಳಿಸಬೇಕು. ಎಲೆಗಳನ್ನೆಲ್ಲ ಬೋಳಿಸುವುದು ತರವಲ್ಲ: ಬೇರು ಹುಟ್ಟಿಸುವ ಆಕ್ಸಿನ್ ಎಂಬ ರಸ ತಯಾರಾಗುವುದು ಚಿಗುರಿನಲ್ಲಿ, ಎಳೆಯ ಎಲೆಯಲ್ಲಿ, ಅದು ಕೆಳಗಿಳಿದು ಗಾಯದ ಬಳಿ ಕೂಡಿದಾಗ ಅಲ್ಲಿಂದ ಬೇರು ಮೂಡುತ್ತದೆ. ಅಂಗಡಿಯಲ್ಲಿ ಸಿಗುವ ಬೇರಿನ ಪುಡಿಯಲ್ಲಿರುವ ಇಂಡೋಲ್ ಬ್ಯುಟಿರಿಕ್ ಆಮ್ಲವೂ ಇದೇ ಕೆಲಸ ಮಾಡುವ ವಸ್ತು, ಚಿಟಿಕೆ ಸಾಕು. ಜೇನು, ಅರಿಸಿನ, ದಾಲ್ಚಿನ್ನಿಗಳಿಂದ ಬೇರು ಬರುತ್ತದೆಂಬುದನ್ನು ನಾನು ನಂಬುವುದಿಲ್ಲ, ಗಾಯಕ್ಕೆ ಬೂಸು ಹಿಡಿಯದಂತೆ ತಡೆದರೆ ಅದೇ ದೊಡ್ಡದು. ಮೇಲೆ ತಿಳಿಯಾದ ಪ್ಲಾಸ್ಟಿಕ್ ಚೀಲ ಹೊದಿಸಿ ನೆರಳಿನ ಕಿಟಕಿಯಲ್ಲಿಡಬೇಕು. ಕೊಳಕ್ಕೆ ಹಳೆಯ ಪತ್ರಿಕೆ ಸುತ್ತಿದರೆ ಪಾಚಿ ಕಟ್ಟುವುದಿಲ್ಲ; ಸಂದಿಗೆ ಬಟ್ಟೆ ತುರುಕಿದರೆ ಸೊಳ್ಳೆ ಮೊಟ್ಟೆಯಿಡುವುದಿಲ್ಲ. ಎಂಟು ಬಾಟಲಿಗಳಿಗೆ ನನಗಾದ ವೆಚ್ಚ ಅರವತ್ತು ರೂಪಾಯಿ, ಅದೂ ನಾರಿನ ಇಟ್ಟಿಗೆಯದು.

ನೆಟ್ಟ ಒಂಬತ್ತನೆಯ ದಿನ ಅವ್ವನನ್ನು ಕೊಲ್ಹಾಪುರದ ಆಸ್ಪತ್ರೆಗೆ ಸೇರಿಸಬೇಕಾಯಿತು. ಎದೆಯ ತೊಂದರೆ. ಮನೆಗೆ ಬೀಗ ಹಾಕಿ ಹೊರಟಾಗ ಎಂಟೂ ಕೊಳಗಳಿಗೆ ಎರಡೆರಡು ಲೋಟ ನೀರು ತುಂಬಿಸಿದ್ದೆ. ಹನ್ನೊಂದು ದಿನ ಅಲ್ಲಿಯೇ ಇದ್ದೆವು. ಆಯಿಯ ಮಗಳಲ್ಲವೇ, ಅವ್ವ ತನ್ನ ನಾಡಿಯ ವಿಷಯ ಕೇಳದೆ ದಿನವೂ ಬೆಳಿಗ್ಗೆ “ಕಡ್ಡಿಗೆ ಬೇರು ಬಂತೇನ?” ಎಂದು ಕೇಳುವಳು. “ಬರತಾವ, ಬತ್ತಿ ನೋಡಿಕೋತೈತಿ” ಎಂದು ಹೇಳುತ್ತಿದ್ದೆ. ರಾತ್ರಿ ಆಕೆಯ ಹಾಸಿಗೆಯ ಪಕ್ಕದಲ್ಲಿ ಕುಳಿತು ಮೇಲೆ ತೂಗುಹಾಕಿದ ಸಲೈನಿನ ಹನಿಗಳನ್ನು ಎಣಿಸುವಾಗ ನನಗೆ ಬೇರೆ ಯಾವ ಯೋಚನೆಯೂ ಹೊಳೆಯುತ್ತಿರಲಿಲ್ಲ. ಅಲ್ಲಿ ನೀರು ಇಳಿಯುತ್ತಿತ್ತು, ಮನೆಯ ಕಿಟಕಿಯಲ್ಲಿ ಏರುತ್ತಿತ್ತು.

ಮರಳಿ ಬಂದು ಬೀಗ ತೆಗೆದಾಗ ಕೊಳಗಳಲ್ಲಿ ಒಂದು ಬೆರಳು ನೀರು ಉಳಿದಿತ್ತು. ಎರಡು ಕಡ್ಡಿ ಕಪ್ಪಾಗಿದ್ದವು, ಆರು ಹಸಿರಾಗಿದ್ದವು. ಅವ್ವ ಚಪ್ಪಲಿ ಬಿಡುವುದಕ್ಕೂ ಮೊದಲು ಕಿಟಕಿಯ ಬಳಿ ಹೋಗಿ ನಿಂತಳು.

ಇಂಥ ಬೇರಿಗೆ ಸಸ್ಯಶಾಸ್ತ್ರದಲ್ಲಿ ಆಗಂತುಕ ಬೇರು ಎಂಬ ಹೆಸರಿದೆ: ಬೀಜದ ಮೊಳಕೆಯಿಂದ ಬರದೆ ಕಾಂಡದಿಂದ ಬಂದ ಅತಿಥಿ. ಮರಾಠಿಯವರು ಕಡ್ಡಿಯ ಗಿಡಕ್ಕೆ ‘ಕಲಮ್’ ಎನ್ನುತ್ತಾರೆ. ಲೇಖನಿಗೂ ಕಾಯ್ದೆಯ ವಿಧಿಗೂ ಅದೇ ಪದ. ಕನ್ನಡ ಐಚ್ಛಿಕದ ವಿದ್ಯಾರ್ಥಿಗಳಾದ ನಿಮಗೆ ಇಷ್ಟು ಹೊತ್ತಿಗೆ ಒಂದು ಉಪಮೆ ಹೊಳೆದಿರಬಹುದು: ೧೯೫೬ರ ರಾಜ್ಯ ಪುನರ್ವಿಂಗಡಣೆಯಲ್ಲಿ ಗೆರೆಯ ಈಚೆ ಉಳಿದ ನಾವು ತಾಯಿಗಿಡದಿಂದ ಕತ್ತರಿಸಿದ ಕಡ್ಡಿಗಳಲ್ಲವೇ ಎಂದು. ಸಭೆಗಳಲ್ಲಿ ಈ ಮಾತನ್ನು ನಾನೂ ಕೇಳಿದ್ದೇನೆ, ಆದರೆ ಒಪ್ಪಲಾರೆ. ಕೊಲ್ಹಾಪುರದ ಶಿಲಾಹಾರರು ಕನ್ನಡದಲ್ಲಿಯೂ ಶಾಸನಗಳನ್ನು ಬರೆಸಿದರು. ೧೨ನೆಯ ಶತಮಾನದಲ್ಲಿ ಅವರ ಆಶ್ರಯದಲ್ಲಿ ಕರ್ಣಪಾರ್ಯನು ‘ನೇಮಿನಾಥಪುರಾಣ’ವನ್ನು ರಚಿಸಿದನು. ಇಲ್ಲಿಯ ಕನ್ನಡ ಯಾರೂ ತಂದು ಊರಿದ್ದಲ್ಲ. ಅದಕ್ಕೆ ನೀರು ಸಾಲದಿರಬಹುದು, ಅದು ಬೇರೆಯ ಮಾತು.

ಐದನೆಯ ವಾರದ ಕೊನೆಗೆ ಬಾಟಲಿಯ ಗೋಡೆಗೆ ಒತ್ತಿಕೊಂಡ ಬಿಳಿಯ ಎಳೆಗಳು ಕಂಡವು. ಇನ್ನೊಂದು ಕಡ್ಡಿ ಚಿಗುರಿದಂತೆ ಮಾಡಿ ಒಣಗಿತು, ಐದು ಉಳಿದವು. ಅವನ್ನು ಕುಂಡಕ್ಕೆ ಬದಲಿಸುವಾಗ ನೋಡಿದರೆ ಬೇರುಗಳು ಬತ್ತಿಯನ್ನೇ ತಬ್ಬಿಕೊಂಡು ಅದರ ಎಳೆಗಳೊಳಗೆ ಹೊಕ್ಕಿದ್ದವು. ಬತ್ತಿಯನ್ನು ಎಳೆದರೆ ಬೇರು ಹರಿಯುವುದು ಖಂಡಿತ. ಮುಚ್ಚಳದ ಬಳಿ ಕತ್ತರಿಸಿ, ಉಳಿದದ್ದನ್ನು ಬೇರಿನ ಜೊತೆಗೇ ನೆಟ್ಟೆ. ಹತ್ತಿ ತಾನೇ, ಮಣ್ಣಿನಲ್ಲಿ ಕರಗುತ್ತದೆ.

ಒಂದು ಗಿಡ ಅವ್ವನ ಕಿಟಕಿಯಲ್ಲಿದೆ. ಒಂದನ್ನು ಕಾಕಾ ಒಯ್ದರು, ಒಂದು ನಿಪ್ಪಾಣಿಯ ಅತ್ತೆಯ ಮನೆಗೆ ಹೋಯಿತು. ನಾಲ್ಕನೆಯದನ್ನು ಗಡಹಿಂಗ್ಲಜದ ಮನೆಯನ್ನು ಕೊಂಡವರ ಸೊಸೆ ಕೇಳಿ ಪಡೆದರು. ಹಿತ್ತಲಿಗೆ ಕಾಂಕ್ರೀಟು ಹಾಕಿದ ಮೇಲೆ ಸಂಜೆಯ ವಾಸನೆ ಇಲ್ಲವಾಯಿತಂತೆ, ಜಗುಲಿಯ ಮೇಲೆ ಕುಂಡದಲ್ಲಿಡುತ್ತೇನೆ ಎಂದರು. ಐದನೆಯದು ಬಲಿತಿದೆ. ಈ ಮಳೆಗಾಲದಲ್ಲಿ ಅದರಿಂದ ಹತ್ತಾದರೂ ಕಡ್ಡಿ ದೊರೆಯುತ್ತವೆ. ಬೇಕಾದವರು ಒಂದು ಲೀಟರಿನ ಬಾಟಲಿ ತಂದು ವಿಭಾಗದಲ್ಲಿ ಹೆಸರು ಬರೆಸಿರಿ. ಕುದಿಸಿದ ನೂಲು ನನ್ನಲ್ಲಿದೆ.