ಲೈಬ್ರರಿ ಇವತ್ತು ತೆಗೆದಿರುತ್ತಾ?

ನಮ್ಮ ತಾಲ್ಲೂಕಿನ ಸಾರ್ವಜನಿಕ ಗ್ರಂಥಾಲಯದ ವೆಬ್‌ಪುಟ ತೆರೆದರೆ ಮೊದಲು ಕಾಣ್ತಿದ್ದದ್ದು ಕಟ್ಟಡ ಉದ್ಘಾಟನೆಯ ಫೋಟೊ. ಅದರ ಕೆಳಗೆ ಧ್ಯೇಯೋದ್ದೇಶ, ಅದರ ಕೆಳಗೆ ಇತಿಹಾಸ. ಬಾಗಿಲು ಎಷ್ಟು ಗಂಟೆಗೆ ತೆಗೀತಾರೆ ಅನ್ನೋದು ಮಾತ್ರ ಎಲ್ಲೂ ಇಲ್ಲ.

ನನ್ನ ಚಿಕ್ಕಪ್ಪನ ಮಗಳು ಕೆಪಿಎಸ್‌ಸಿ ಪರೀಕ್ಷೆಗೆ ಓದ್ತಿದ್ದಾಳೆ. ಅವಳ ಹಳ್ಳಿಯಿಂದ ಬೆಳಗ್ಗೆ ಒಂದು ಬಸ್ಸು, ವಾಪಸ್ ಹೋಗೋಕೆ ಸಂಜೆ ಒಂದು ಬಸ್ಸು. ರಜೆ ಅಂತ ಗೊತ್ತಿಲ್ಲದೆ ಬಂದರೆ ಇಡೀ ದಿನ ಬಸ್‌ಸ್ಟ್ಯಾಂಡಿನಲ್ಲೇ. ಎರಡು ಸಲ ಹಾಗಾಯ್ತು. ಮೂರನೇ ಸಲ ಆದರೆ ಮನೆಯಲ್ಲಿ ಕಳಿಸೋದೇ ಅನುಮಾನ. ‘ಅಣ್ಣಾ, ನೀನು ಕಂಪ್ಯೂಟರ್‌ನವನಲ್ವಾ, ಅವರಿಗೊಂದು ಮಾತು ಹೇಳು’ ಅಂದಳು.

ಹೋಗಿ ಹೇಳಿದೆ. ಗ್ರಂಥಪಾಲಕರು ಒಳ್ಳೆಯವರು. ಪುಟಕ್ಕೆ ಏನು ಬರೀಬೇಕು ಅಂತ ಅವರಿಗೆ ಯಾರೂ ತಿಳಿಸಿರಲಿಲ್ಲ, ಮೇಲಿಂದ ಬಂದದ್ದನ್ನು ಹಾಕಿದ್ದರು ಅಷ್ಟೆ. ಎರಡು ಶನಿವಾರ ಕೌಂಟರ್ ಪಕ್ಕ ಕೂತು, ಬಂದವರು ಕೇಳಿದ್ದನ್ನೆಲ್ಲ ಗೀಚಿಕೊಂಡೆ. ಎಷ್ಟು ಗಂಟೆವರೆಗೆ ಇರ್ತೀರಿ? ಕಾರ್ಡ್ ಮಾಡಿಸೋಕೆ ಏನೇನು ತರಬೇಕು? ನಮ್ಮದೇ ಪುಸ್ತಕ ತಂದು ಓದಬಹುದಾ? ಫೋನ್ ಚಾರ್ಜಿಗೆ ಹಾಕಬಹುದಾ? ಇನ್ನೊಂದು ಪ್ರಶ್ನೆಯನ್ನು ಹುಡುಗಿಯರು ಹತ್ತಿರ ಬಂದು, ದನಿ ತಗ್ಗಿಸಿ ಕೇಳ್ತಿದ್ದರು: ಲೇಡೀಸ್ ಟಾಯ್ಲೆಟ್ ಇದೆಯಾ, ಬೀಗ ಹಾಕಿರಲ್ಲ ತಾನೆ?

ಧ್ಯೇಯೋದ್ದೇಶ ಏನು ಅಂತ ಒಬ್ಬರೂ ಕೇಳಲಿಲ್ಲ.

ಟಾಯ್ಲೆಟ್ ವಿಷಯ ಪುಟದ ಮೇಲ್ಭಾಗದಲ್ಲೇ ಇರಲಿ ಅಂದಾಗ ಗ್ರಂಥಪಾಲಕರು ಮುಜುಗರಪಟ್ಟರು. ‘ಸರ್ಕಾರಿ ಪುಟದಲ್ಲಿ ಇದನ್ನೆಲ್ಲ ಹಾಕ್ತಾರಾ ಸಾರ್?’ ದಿನವಿಡೀ ಕೂತು ಓದೋಕೆ ಬರೋ ಹುಡುಗಿಗೆ ಪುಸ್ತಕಗಳ ಸಂಖ್ಯೆಗಿಂತ ಅದು ಮುಖ್ಯ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನನಗೂ ಇಬ್ಬರು ಹೆಣ್ಮಕ್ಕಳು, ಹಾಕಿ’ ಅಂದರು. ಅದನ್ನು ಹಾಕಿದ ಮೇಲೆ ಬೀಗ ತೆಗೆದೇ ಇಡಬೇಕಾಯ್ತು ಅನ್ನೋದು ಬೇರೆ ಮಾತು!

ಇನ್ನು ಭಾಷೆ. ‘ಸದಸ್ಯತ್ವ ಪಡೆಯಲಿಚ್ಛಿಸುವವರು ನಿಗದಿತ ನಮೂನೆಯಲ್ಲಿ ಅಗತ್ಯ ದಾಖಲೆಗಳೊಂದಿಗೆ ಅರ್ಜಿ ಸಲ್ಲಿಸತಕ್ಕದ್ದು’ ಅಂತಿತ್ತು. ಇದನ್ನು ಓದಿ ಯಾರು ಯಾವ ಕಾಗದ ಹಿಡಿದು ಬರಬೇಕು ಹೇಳಿ? ‘ಆಧಾರ್ ಜೆರಾಕ್ಸ್, ಎರಡು ಫೋಟೊ ತನ್ನಿ. ಫಾರಂ ನಮ್ಮಲ್ಲೇ ಸಿಗುತ್ತೆ’ ಅಂತ ಮಾಡಿದೆವು.

ಇಂಜಿನಿಯರ್ ಆಗಿ ನನಗೆ ನಿಜವಾಗಿ ಕೆಲಸ ಕೊಟ್ಟಿದ್ದು ಪ್ರಕಟಣೆಗಳು. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ನೇರ ಪುಟಕ್ಕೆ ಅಂಟಿಸಿದರೆ ಕನ್ನಡ ಹೋಗಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗುತ್ತವೆ. ಹಾಗಾಗಿ ಪ್ರಿಂಟ್ ತೆಗೆದು, ಸಹಿ ಹಾಕಿ, ಫೋಟೊ ಹೊಡೆದು ಏರಿಸ್ತಿದ್ದರು. ನೀವು ಫೋನಿನಲ್ಲಿ ‘ಲೈಬ್ರರಿ ರಜೆ’ ಅಂತ ಹುಡುಕಿದರೆ ಆ ಫೋಟೊ ಒಳಗಿನ ಅಕ್ಷರ ಸಿಗೋದು ಕಷ್ಟ. ಕಣ್ಣು ಕಾಣದವರಿಗೆ ಪುಟ ಓದಿ ಹೇಳೋ ತಂತ್ರಾಂಶಕ್ಕೂ ಅಲ್ಲಿರೋದು ಬರೀ ಒಂದು ಚಿತ್ರ. ಎಲ್ಲವನ್ನೂ ಯುನಿಕೋಡ್‌ಗೆ ಬದಲಾಯಿಸಿದೆವು. ಕನ್ವರ್ಟರ್ ಹಾಕಿದರೂ ಒತ್ತಕ್ಷರಗಳು ಅಲ್ಲಲ್ಲಿ ಕೆಡ್ತಿದ್ದವು, ಕೂತು ತಿದ್ದಬೇಕಾಯ್ತು.

ಇದೇನೂ ನನ್ನ ಹೊಸ ತತ್ವ ಅಲ್ಲ. ಎಸ್.ಆರ್. ರಂಗನಾಥನ್ 1931ರಲ್ಲೇ ಗ್ರಂಥಾಲಯಗಳಿಗೆ ಐದು ಸೂತ್ರ ಬರೆದರು. ಓದುಗರ ಸಮಯ ಉಳಿಸಬೇಕು ಅನ್ನೋದು ನಾಲ್ಕನೆಯದು. 1962ರಲ್ಲಿ ಗ್ರಂಥಾಲಯ ವಿಜ್ಞಾನದ ತರಬೇತಿ ಕೇಂದ್ರ ಕಟ್ಟಿದ್ದೂ ನಮ್ಮ ಬೆಂಗಳೂರಲ್ಲೇ. ಆಸ್ತಿ ತೆರಿಗೆ ಜೊತೆ ನಾವೆಲ್ಲ ಗ್ರಂಥಾಲಯ ಕರ ಬೇರೆ ಕಟ್ತೀವಿ, ರಸೀದಿ ನೋಡಿ.

ಈಗ ಪುಟ ತೆರೆದ ತಕ್ಷಣ ‘ಇವತ್ತು ತೆರೆದಿದೆ’ ಅಥವಾ ‘ಇವತ್ತು ರಜೆ’ ಅಂತ ದಪ್ಪಕ್ಷರದಲ್ಲಿ ಕಾಣುತ್ತೆ. ಆ ಸಾಲನ್ನು ಗ್ರಂಥಪಾಲಕರು ತಮ್ಮ ಫೋನಿನಿಂದಲೇ ಬದಲಾಯಿಸ್ತಾರೆ, ನನ್ನನ್ನು ಕೇಳೋದಿಲ್ಲ. ಹೋದ ತಿಂಗಳು ಅವರೇ ಒಂದು ಸಾಲು ಸೇರಿಸಿದ್ದರು: ‘ನಾಳೆ ಮಧ್ಯಾಹ್ನ ಕರೆಂಟ್ ಇರಲ್ಲ. ಕಿಟಕಿ ಪಕ್ಕ ನಾಲ್ಕು ಮೇಜು ಜಾಸ್ತಿ ಹಾಕಿದ್ದೇವೆ, ಬನ್ನಿ.’