ಫಾಂಡೆಂಟ್ ಹೊದಿಕೆಯಲ್ಲಿ ಹೆಚ್ಚಾದ ಕಾಲು ಭಾಗ

ನಮ್ಮ ಅಕ್ಕ ಮನೆಯಲ್ಲೇ ಕೇಕ್ ಮಾಡಿ ಮಾರುತ್ತಾಳೆ. ನನ್ನ ಬಿ.ಎಡ್. ಶುಲ್ಕದ ದೊಡ್ಡ ಪಾಲು ಅಲ್ಲಿಂದಲೇ ಬಂದದ್ದು. ಆದರೂ ಕಳೆದ ಮಳೆಗಾಲದವರೆಗೆ ಅವಳ ಕೆಲಸದಲ್ಲಿ ನನ್ನ ಪಾಲು ಡಬ್ಬಿಗೆ ದಾರ ಕಟ್ಟುವುದಷ್ಟೇ ಆಗಿತ್ತು. ಆಗಸ್ಟ್‌ನಲ್ಲಿ ಅವಳ ಮಣಿಕಟ್ಟು ಉಳುಕಿತು. ಮುಂಗಡ ಪಡೆದಿದ್ದ ಹುಟ್ಟುಹಬ್ಬದ ಕೇಕಿಗೆ ಫಾಂಡೆಂಟ್ ಹೊದಿಸಲು ಬೇರೆ ಕೈ ಇರಲಿಲ್ಲ. ಅವಳು ಕುರ್ಚಿಯಲ್ಲಿ ಕುಳಿತು ಹೇಳಿದಳು, ನಾನು ಮಾಡಿದೆ.

ಫಾಂಡೆಂಟ್ ಎಂದರೆ ಸಕ್ಕರೆ ಪುಡಿಗೆ ಜೆಲಟಿನ್, ಗ್ಲೂಕೋಸ್ ಸಿರಪ್, ಗ್ಲಿಸರಿನ್ ಸೇರಿಸಿ ನಾದಿದ ಮುದ್ದೆ. ಚಪಾತಿ ಹಿಟ್ಟಿನಲ್ಲಿರುವ ಗ್ಲುಟನ್ ಇದರಲ್ಲಿಲ್ಲ. ಹಾಗಾಗಿ ಲಟ್ಟಿಸಿದರೆ ಹಿಂದಕ್ಕೆ ಸೆಳೆದುಕೊಳ್ಳುವುದಿಲ್ಲ, ತಳ್ಳಿದಲ್ಲೇ ನಿಲ್ಲುತ್ತದೆ. ಶಿವಮೊಗ್ಗದ ಮಳೆಯಲ್ಲಿ ಸಕ್ಕರೆ ಗಾಳಿಯ ತೇವ ಹೀರಿ ಕೈಗೆ ಅಂಟುತ್ತದೆ. ಅಂಟದಿರಲೆಂದು ಕಾರ್ನ್‌ಫ್ಲೋರ್ ಹೆಚ್ಚು ಉದುರಿಸಿದರೆ ಒಣಗಿ ಬಿರುಕು ಬಿಡುತ್ತದೆ. ಕೇಕಿಗೆ ಮೊದಲು ಬೆಣ್ಣೆ ಕ್ರೀಮ್ ಬಳಿದು, ಫ್ರಿಜ್‌ನಲ್ಲಿಟ್ಟು ಗಟ್ಟಿ ಮಾಡಿಕೊಂಡಿದ್ದೆವು.

ಕೇಕಿನ ವ್ಯಾಸ 20 ಸೆಂ.ಮೀ., ಎತ್ತರ 10. ನಡುವಿನಿಂದ ಬುಡದವರೆಗೆ 10 ಮತ್ತು 10 ಸೇರಿ 20 ಸೆಂ.ಮೀ. ತ್ರಿಜ್ಯದ ಹಾಳೆ ಬೇಕು. 3 ಮಿ.ಮೀ. ದಪ್ಪಕ್ಕೆ ಲಟ್ಟಿಸಿ, ಲಟ್ಟಣಿಗೆಗೆ ಸುತ್ತಿ ತಂದು ಹೊದಿಸಿದೆ. ಮೇಲ್ಭಾಗ ತಕ್ಷಣ ಕುಳಿತಿತು. ಬದಿಯಲ್ಲಿ ಮಾತ್ರ ಸುತ್ತಲೂ ನೆರಿಗೆ.

‘ನೆರಿಗೆ ಒತ್ತಬೇಡ ಕಣೋ. ಹೊರಗೆ ಎಳೆದು ಬಿಚ್ಚು, ಆಮೇಲೆ ಮೇಲಿಂದ ಕೆಳಗೆ ಸವರು’ ಅಂದಳು ಅಕ್ಕ. ಒಂದೊಂದಾಗಿ ಬಿಚ್ಚಿ ಸವರಲು ಅರ್ಧ ಗಂಟೆ ಹಿಡಿಯಿತು. ಬುಡದಲ್ಲಿ ಹೆಚ್ಚಾದದ್ದನ್ನು ಕತ್ತರಿಸಿದೆ. ಮೇಲೆ ಕೂರಿಸಿದ ಆನೆಮರಿಯ ಬಗ್ಗೆ ಹೇಳುವಂಥದ್ದೇನಿಲ್ಲ; ಮಗುವಿನ ಮನೆಯವರು ಅದನ್ನು ಆನೆ ಎಂದೇ ಗುರುತಿಸಿದರಂತೆ.

ನೆರಿಗೆ ಮನಸ್ಸಿನಲ್ಲಿ ಉಳಿಯಿತು. ರಾತ್ರಿ ಲೆಕ್ಕ ಹಾಕಿದೆ. ಹಾಳೆಯ ವಿಸ್ತೀರ್ಣ 400π ಚದರ ಸೆಂ.ಮೀ. ಮುಚ್ಚಬೇಕಾದದ್ದು ಮೇಲಿನ 100π, ಬದಿಯ 200π. ಸರಿಯಾಗಿ ಕಾಲು ಭಾಗ ಹೆಚ್ಚು! ಹಾಳೆಯ ಅಂಚಿನ ಸುತ್ತಳತೆ 125.6 ಸೆಂ.ಮೀ., ಅದು ಕೂರಬೇಕಾದ ಬುಡದ ಸುತ್ತಳತೆ 62.8.

ಡಿಸೆಂಬರ್‌ನ ಅಭ್ಯಾಸ ಬೋಧನೆಯಲ್ಲಿ ಹತ್ತನೇ ತರಗತಿಗೆ ಸಿಲಿಂಡರಿನ ಮೇಲ್ಮೈ ವಿಸ್ತೀರ್ಣದ ಪುನರಾವರ್ತನೆ ನನಗೆ ಬಂತು. ಅದೇ ಅಳತೆಯ ಸ್ಟೀಲ್ ಡಬ್ಬ, ಪತ್ರಿಕೆಯಿಂದ ಕತ್ತರಿಸಿದ ವೃತ್ತ ಒಯ್ದೆ. ಈ ಕಾಲು ಭಾಗ ಎಲ್ಲಿಗೆ ಹೋಗಬೇಕು ಎಂದು ಕೇಳಿದಾಗ ಉತ್ತರ ಬಂದದ್ದು ಕೊನೆಯ ಬೆಂಚಿನಿಂದ. ನಿಧಾನಗತಿಯ ಕಲಿಕಾರ್ಥಿಗಳ ಪಟ್ಟಿಯಲ್ಲಿದ್ದ ಹುಡುಗಿ; ಎರಡು ವಾರದಲ್ಲಿ ಒಮ್ಮೆಯೂ ಬಾಯಿ ಬಿಟ್ಟವಳಲ್ಲ.

‘ಬಟ್ಟೆಯಾದ್ರೆ ಟಕ್ಸ್ ಹಿಡೀಬೇಕು ಸಾರ್.’

ಅವಳ ತಾಯಿ ಬ್ಲೌಸ್ ಹೊಲಿಯುತ್ತಾರೆ. ಎಷ್ಟು ಟಕ್ಸ್ ಎಂದೆ. ಅಂಚು ಅರ್ಧಕ್ಕೆ ಇಳಿಯಬೇಕಲ್ಲ, ಎಂಟು ಹಿಡಿದರೆ ಒಂದೊಂದಕ್ಕೆ ಸುಮಾರು 8 ಸೆಂ.ಮೀ. ಎಂದಳು. ಮುಂದೆ ಬಂದು ಕಾಗದವನ್ನು ಹಾಗೆಯೇ ಮಡಚಿ ತೋರಿಸಿದಳು. ಆಮೇಲೆ ಅವಳೇ ಕೇಳಿದಳು: ‘ಕೇಕಿನದ್ದಕ್ಕೆ ಟಕ್ಸ್ ಇಲ್ಲವಲ್ಲ. ಹಾಗಾದ್ರೆ ಬುಡದಲ್ಲಿ ಎರಡರಷ್ಟು ದಪ್ಪ ಆಗ್ಬೇಕಲ್ವಾ?’

ಗಂಟೆ ಬಾರಿಸಿತು. ಪಾಠ ಯೋಜನೆಯ ಮೌಲ್ಯಮಾಪನ ಹಂತ ಉಳಿಯಿತು, ವೀಕ್ಷಕರು ಹಾಗೆಂದೇ ಬರೆದರು. ಬರೆದದ್ದು ನಿಜ. ಇನ್ನೊಮ್ಮೆ ಆದರೂ ನಾನು ಅವಳ ಮಾತನ್ನು ಅರ್ಧಕ್ಕೆ ನಿಲ್ಲಿಸುವುದಿಲ್ಲ. ಆ ಪಟ್ಟಿ ತಯಾರಾದದ್ದು ಒಂದು ಕಿರುಪರೀಕ್ಷೆಯ ಅಂಕದಿಂದ. ಅದರಲ್ಲಿ ಇಂಥ ಪ್ರಶ್ನೆಯೇ ಇರಲಿಲ್ಲ.

ಆ ವಾರ ಇನ್ನೊಂದು ಆರ್ಡರ್ ಇತ್ತು. ಬುಡದಲ್ಲಿ ಕತ್ತರಿಸಿದ ಅಂಚನ್ನು ಡಬ್ಬಿಯಲ್ಲಿ ಶಾಲೆಗೆ ಒಯ್ದೆ. ಅವಳು ಸ್ಕೇಲ್ ಹಿಡಿದು ಅಳೆದಳು: 4 ಮಿ.ಮೀ.ಗಿಂತ ಸ್ವಲ್ಪ ಹೆಚ್ಚು, ಎರಡರಷ್ಟಲ್ಲ. ಸವರುವಾಗ ಕೆಳಕ್ಕೆ ಹಿಗ್ಗಿದ್ದು ಕತ್ತರಿಸಿ ಹೋಗಿರಬೇಕು ಎಂದು ಪಕ್ಕದವಳಿಗೆ ವಿವರಿಸುತ್ತಿದ್ದಳು. ಅಷ್ಟರಲ್ಲಿ ಮುಂದಿನ ಬೆಂಚಿನ ಹುಡುಗರು ಡಬ್ಬಿ ಖಾಲಿ ಮಾಡಿದ್ದರು.